ಹೆಸರಪಟ್ಟಿ, ಮ್ಯಾಕ್ರೋ ಮತ್ತು ಐಚ್ಛಿಕ ಕನ್ನಡ

ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರಲ್ಲಿ ಒಂದು ಎಣಿಕೆ ಬೇರೂರಿದೆ. ಸ್ಪ್ರೆಡ್‌ಶೀಟ್ ವಾಣಿಜ್ಯ ವಿಭಾಗದವರ ಸೊತ್ತು, ಮ್ಯಾಕ್ರೋ ಗಣಕ ವಿಜ್ಞಾನದವರ ವಿದ್ಯೆ, ಕನ್ನಡದವರಿಗೆ ಪಂಪನಿಂದ ಬೇಂದ್ರೆಯವರೆಗಿನ ಸಾಹಿತ್ಯವಷ್ಟೇ ಸಾಕು ಎಂಬುದು ಆ ಎಣಿಕೆ. ನೋಡಲು ಗೌರವಯುತವಾಗಿಯೇ ಇದೆ. ಆದರೆ ಗಡಿಭಾಗದಲ್ಲಿ ಅದು ನಿಲ್ಲುವುದಿಲ್ಲ. ಕನ್ನಡ ಬಲ್ಲವರೆಂದು ಶಾಲೆಯಲ್ಲಾಗಲಿ, ಸಹಕಾರಿ ಸಂಘದಲ್ಲಾಗಲಿ, ಜಾತ್ರೆಯ ಸಮಿತಿಯಲ್ಲಾಗಲಿ ಯಾರನ್ನಾದರೂ ಕರೆದು ಕೂರಿಸಿದಾಗ ಅವರ ಕೈಗೆ ಮೊದಲು ಬರುವುದು ಕಾವ್ಯವಲ್ಲ, ಹೆಸರಪಟ್ಟಿ. ಮೂಲವು ದೇವನಾಗರಿಯಲ್ಲಿರುತ್ತದೆ. ಅದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಕೊಡಬೇಕಾಗಿರುತ್ತದೆ.

ಹಾತಕಣಂಗಲೆ ತಾಲ್ಲೂಕಿನಿಂದ ಗಡಹಿಂಗ್ಲಜದವರೆಗೆ, ಇಚಲಕರಂಜಿಯ ಮಗ್ಗಗಳ ಓಣಿಗಳಲ್ಲಿ ಕೂಡ, ಮನೆಯೊಳಗೆ ಕನ್ನಡ ಆಡುತ್ತ ಕಚೇರಿಯಲ್ಲಿ ಮರಾಠಿ ಬರೆಯುವ ಕುಟುಂಬಗಳಿವೆ. ಅಂಥ ಮನೆಯ ಮಗುವಿನ ಹೆಸರು ಒಮ್ಮೆ ದೇವನಾಗರಿಯಲ್ಲಿ ಜನರಲ್ ರಜಿಸ್ಟರ್ ಸೇರುತ್ತದೆ. ಮುಂದೆ ಅದೇ ಮಗು ನಿಪ್ಪಾಣಿಗೋ ಚಿಕ್ಕೋಡಿಗೋ ಓದಲು ಹೋದಾಗ ಆ ಹೆಸರು ಮತ್ತೆ ಕನ್ನಡಕ್ಕೆ ಮರಳಬೇಕು. ಮರಳುವಾಗ ಅದು ಹೊರಟಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಒಂದು ದಾಖಲೆಯಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ. ಛಂದಸ್ಸಿನ ಲೆಕ್ಕದಲ್ಲಿ ಒಂದೇ ಮಾತ್ರೆಯ ಅಂತರ. ಆ ಒಂದು ಮಾತ್ರೆಗಾಗಿ ಅಫಿಡವಿಟ್ ಮಾಡಿಸಲು ಅಲೆಯುವ ತಂದೆತಾಯಿಗಳಿಗೆ ಅದು ಸಣ್ಣ ಅಂತರವಲ್ಲ.

ಮ್ಯಾಕ್ರೋ ಎಂದರೆ ಹೆದರಬೇಕಾದದ್ದೇನೂ ಇಲ್ಲ. ಹಲವು ಹೆಜ್ಜೆಗಳ ಕೆಲಸಕ್ಕೆ ಒಂದು ಹೆಸರು ಕೊಟ್ಟು, ಆ ಹೆಸರನ್ನು ಕರೆದಾಗಲೆಲ್ಲ ಎಲ್ಲ ಹೆಜ್ಜೆಗಳೂ ತಾವಾಗಿಯೇ ನಡೆಯುವಂತೆ ಮಾಡುವ ಏರ್ಪಾಡು ಅದು. ‘ಅಚ್’ ಎಂದೊಡನೆ ಎಲ್ಲ ಸ್ವರಗಳು, ‘ಹಲ್’ ಎಂದೊಡನೆ ಎಲ್ಲ ವ್ಯಂಜನಗಳು ಬಂದು ನಿಲ್ಲುವ ಪಾಣಿನಿಯ ಪ್ರತ್ಯಾಹಾರಗಳನ್ನು ಓದಿದವರಿಗೆ ಈ ಯುಕ್ತಿ ಹೊಸದಾಗಬಾರದು. 1983ರ ಲೋಟಸ್ 1-2-3 ಸ್ಪ್ರೆಡ್‌ಶೀಟಿನಲ್ಲಿಯೇ ಮ್ಯಾಕ್ರೋ ಇತ್ತು. ಎಕ್ಸೆಲ್‌ಗೆ ಇಂದಿನ ವಿಬಿಎ ಭಾಷೆ ಬಂದದ್ದು 1993ರಲ್ಲಿ. ಪ್ರೋಗ್ರಾಮಿನ ಒಂದಕ್ಷರವೂ ಬಾರದವರು ‘ರೆಕಾರ್ಡ್ ಮ್ಯಾಕ್ರೋ’ ಒತ್ತಿ, ಕೆಲಸವನ್ನು ಒಮ್ಮೆ ಕೈಯಾರೆ ಮಾಡಿ ನಿಲ್ಲಿಸಿದರೆ ಯಂತ್ರ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಹಾಜರಿ ಪಟಕ್ಕೆ ಗೆರೆ ಹಾಕುವುದು, ತಲೆಬರಹ ದಪ್ಪಗೊಳಿಸುವುದು, ತಿಂಗಳ ಮೊತ್ತ ಕೂಡಿಸುವುದು, ಇವೆಲ್ಲ ಅಷ್ಟರಲ್ಲೇ ಮುಗಿಯುತ್ತವೆ. ಒಂದು ಎಚ್ಚರ ಮಾತ್ರ ಬೇಕು. ಹಾಗೆಯೇ ಬಿಟ್ಟರೆ ಯಂತ್ರವು ಸೆಲ್ಲಿನ ವಿಳಾಸವನ್ನೇ ಹಿಡಿದುಕೊಳ್ಳುತ್ತದೆ. ಹತ್ತನೆಯ ಸಾಲಿನಲ್ಲಿ ಕಲಿಸಿದ್ದನ್ನು ಐವತ್ತನೆಯ ಸಾಲಿನಲ್ಲಿ ನಿಂತು ಕರೆದರೂ ಹತ್ತನೆಯ ಸಾಲಿಗೇ ಓಡುತ್ತದೆ. ‘ಯೂಸ್ ರಿಲೇಟಿವ್ ರೆಫರೆನ್ಸಸ್’ ಎಂಬುದನ್ನು ಮೊದಲೇ ಒತ್ತಿದರೆ, ನಿಂತಲ್ಲಿಂದ ಎಣಿಸುತ್ತದೆ. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕನ್ನಡದವರು ತಾವೇ ಮುಂದಾಗಿ ಮಾಡಬೇಕಾದ ಕೆಲಸ ಲಿಪ್ಯಂತರದ್ದು. ಇಲ್ಲಿ ಅದೃಷ್ಟವಶಾತ್ ಒಂದು ಸೊಗಸಾದ ಅನುಕೂಲವಿದೆ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಇಸ್ಕಿ ಸಂಕೇತ ವ್ಯವಸ್ಥೆಯಲ್ಲಿ ಎಲ್ಲ ಲಿಪಿಗಳ ‘ಕ’ಕಾರಕ್ಕೂ ಒಂದೇ ಸ್ಥಾನ. ಯೂನಿಕೋಡ್ ಆ ಜೋಡಣೆಯನ್ನೇ ಅನುಸರಿಸಿ, ಲಿಪಿಗೊಂದು ಓಣಿ ಬೇರೆ ಕೊಟ್ಟು, ಮನೆಗಳ ಕ್ರಮವನ್ನು ಹಾಗೆಯೇ ಉಳಿಸಿತು. ದೇವನಾಗರಿಯ ‘ಕ’ ಸಂಖ್ಯೆ 2325, ಕನ್ನಡದ ‘ಕ’ 3221. ದೇವನಾಗರಿಯ ‘ಹ’ 2361, ಕನ್ನಡದ ‘ಹ’ 3257. ಎರಡು ಕಡೆಯೂ ಅಂತರ 896. ‘ಳ’ಕಾರಕ್ಕೂ ಅಷ್ಟೇ, ಅನುಸ್ವಾರಕ್ಕೂ ಅಷ್ಟೇ, ಸ್ವರಚಿಹ್ನೆಗಳಿಗೂ ಅಷ್ಟೇ. ಸೆಲ್ಲಿನಲ್ಲಿರುವ ಪ್ರತಿ ಅಕ್ಷರದ ಸಂಖ್ಯೆಯನ್ನು ಕೇಳು, ಅದು ದೇವನಾಗರಿಯ ಓಣಿಯಲ್ಲಿದ್ದರೆ 896 ಕೂಡಿಸು, ಬಂದ ಸಂಖ್ಯೆಯ ಅಕ್ಷರವನ್ನು ಪಕ್ಕದ ಸೆಲ್ಲಿನಲ್ಲಿ ಬರೆ. ಹತ್ತು ಹದಿನೈದು ಸಾಲುಗಳ ಮ್ಯಾಕ್ರೋ ಇದು. ಮುನ್ನೂರು ಹೆಸರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಕನ್ನಡವಾಗುತ್ತವೆ.

ನಿಜವಾಗಿ ಕನ್ನಡವಾಗುತ್ತವೆಯೇ ಎಂಬುದೇ ಪ್ರಶ್ನೆ. ಹಾತಕಣಂಗಲೆ ತಾಲ್ಲೂಕಿನ ಊರುಗಳನ್ನೇ ಯಂತ್ರಕ್ಕೆ ಕೊಟ್ಟು ನೋಡಬಹುದು. ಕುಂಭೋಜ, ರೇಂದಾಳ ಎರಡೂ ಕೂದಲು ಕೊಂಕದಂತೆ ಹೊರಬರುತ್ತವೆ. ಹುಪರಿ ‘ಹುಪರೀ’ ಆಗುತ್ತದೆ, ರುಕಡಿ ‘ರುಕಡೀ’ ಆಗುತ್ತದೆ, ತಾಲ್ಲೂಕು ಕೇಂದ್ರವೇ ‘ಹಾತಕಣಂಗಲೇ’ ಆಗಿ ನಿಲ್ಲುತ್ತದೆ. ಜಿಲ್ಲಾ ಕೇಂದ್ರ ‘ಕೋಲ್ಹಾಪೂರ’. ಯಂತ್ರ ಇಲ್ಲಿ ತಪ್ಪಿಲ್ಲ. ಮರಾಠಿಯ ಶುದ್ಧಲೇಖನ ನಿಯಮದಂತೆ ಪದಾಂತ್ಯದ ಇಕಾರ, ಉಕಾರಗಳು ಸಾಮಾನ್ಯವಾಗಿ ದೀರ್ಘ, ಅದು ಅದನ್ನೇ ನಿಷ್ಠೆಯಿಂದ ತಂದಿದೆ. ಕನ್ನಡದ ಜಾಯಮಾನ ಬೇರೆ. ಸಂಸ್ಕೃತದ ‘ನದೀ’ ಇಲ್ಲಿ ‘ನದಿ’ ಆಗುವುದನ್ನು, ‘ವಧೂ’ ಎಂಬುದು ‘ವಧು’ ಆಗುವುದನ್ನು ವ್ಯಾಕರಣದ ತರಗತಿಯಲ್ಲಿ ಓದಿದವರು ಈ ಕಾಲಂ ನೋಡಿದೊಡನೆ ಏನು ಮಾಡಬೇಕೆಂದು ಊಹಿಸಬಲ್ಲರು. ಪದಾಂತ್ಯದ ಈಕಾರ, ಊಕಾರ, ಏಕಾರಗಳನ್ನು ಹ್ರಸ್ವಗೊಳಿಸು ಎಂದು ಮ್ಯಾಕ್ರೋಗೆ ಇನ್ನೊಂದು ಸಾಲು ಸೇರಿಸಿದರೆ ಹುಪರಿ, ರುಕಡಿ, ಸಾಂಗಲಿ, ಇಚಲಕರಂಜಿ, ಪುಣೆ ಎಲ್ಲ ಸರಿಯಾಗುತ್ತವೆ. ಮಾನೆ, ಕಾಂಬಳೆ, ಚೌಗುಲೆ ಎಂಬ ಅಡ್ಡಹೆಸರುಗಳೂ ಸರಿಯಾಗುತ್ತವೆ.

ಆ ಸಾಲಿನ ಮೊದಲ ಬಲಿ ‘ಶ್ರೀ’. ಪಟ್ಟಿಯ ಎಲ್ಲ ಗಂಡಸರ ಹೆಸರಿನ ಹಿಂದಿರುವ ‘ಶ್ರೀ’ ಒಂದೇ ಸಲಕ್ಕೆ ‘ಶ್ರಿ’ ಆಗಿಬಿಡುತ್ತದೆ. ಶ್ರೀ, ಸ್ತ್ರೀಯಂಥ ಏಕಾಕ್ಷರ ಶಬ್ದಗಳು ಕನ್ನಡದಲ್ಲಿಯೂ ದೀರ್ಘವಾಗಿಯೇ ಉಳಿಯುತ್ತವೆ ಎಂಬ ಅಪವಾದವನ್ನು ಸೂತ್ರಕ್ಕಿಂತ ಮೊದಲು ಹೇಳಬೇಕಾಗಿತ್ತು. ಉತ್ಸರ್ಗ, ಅಪವಾದ, ಅವುಗಳ ಪೂರ್ವಾಪರ: ಪರೀಕ್ಷೆಯ ಎರಡು ಅಂಕಗಳ ಟಿಪ್ಪಣಿಯೆಂದು ಬಾಯಿಪಾಠ ಮಾಡುವ ಈ ವಿಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ವಾಣಿಜ್ಯ ವಿಭಾಗದವರಿಗೆ ಎಕ್ಸೆಲ್ ಎಷ್ಟು ಗೊತ್ತಿದ್ದರೂ ಈ ಸಾಲನ್ನು ಅವರು ಬರೆಯಲಾರರು. ಬರೆಯಲು ಬಾರದೆಂದಲ್ಲ, ಬರೆಯಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ.

ಇನ್ನೂ ಕೆಲವು ಮನೆಗಳು ಕನ್ನಡದ ಓಣಿಯಲ್ಲಿ ಖಾಲಿ ಇವೆ. ಮರಾಠಿಯಲ್ಲಿ ಡಾಕ್ಟರ್ ಎಂಬುದರ ಸಂಕ್ಷೇಪವನ್ನು ಅರ್ಧಚಂದ್ರದ ಸ್ವರಚಿಹ್ನೆಯಿಂದ ಬರೆಯುತ್ತಾರೆ. ಕನ್ನಡದಲ್ಲಿ ಆ ಚಿಹ್ನೆಯಿಲ್ಲ, ಆದ್ದರಿಂದ ‘ಡ’ಕಾರದ ಪಕ್ಕದಲ್ಲಿ ಒಂದು ಖಾಲಿ ಚೌಕ ಮೂಡುತ್ತದೆ. ಬ್ಯಾಂಕಿಗೂ ಅದೇ ಗತಿ. ಇದಕ್ಕಿಂತ ವಿನೋದದ್ದು ಕರ್‍ಹಾಡದ ಕಥೆ. ಹಕಾರ ಯಕಾರಗಳ ಹಿಂದೆ ಬರುವ ಮರಾಠಿಯ ವಿಶಿಷ್ಟ ಅರ್ಧ ರಕಾರವನ್ನು ಯೂನಿಕೋಡ್ ಯಾವ ಅಕ್ಷರದಿಂದ ಬರೆಸುತ್ತದೆಯೋ, 896 ಕೂಡಿಸಿದಾಗ ಅದರ ಎದುರು ಮನೆಯಲ್ಲಿ ಕುಳಿತಿರುವುದು ನಮ್ಮ ಹಳಗನ್ನಡದ ಶಕಟರೇಫ ‘ಱ’. ಹೀಗಾಗಿ ‘ಕಱ್ಹಾಡ’ ಎಂದು ಅಚ್ಚಾಗಿ ಬರುತ್ತದೆ. ಹೊಸಗನ್ನಡ ಕೈಬಿಟ್ಟ ಅಕ್ಷರ ಮರಾಠಿಯ ಬಾಗಿಲಿನಿಂದ ಹಾಜರಿ ಪಟದೊಳಗೆ ಬಂದು ಕೂರುವ ಈ ಬಗೆ ಹಳಗನ್ನಡ ಓದುವವರಿಗೆ ಖುಷಿ ಕೊಟ್ಟೀತು, ಶಾಲೆಯ ಗುಮಾಸ್ತರಿಗೆ ಕೊಡಲಾರದು.

ಊರಿನ ಹೆಸರುಗಳನ್ನು ಹೇಗಾದರೂ ಹಿಡಿದು ತರಬಹುದು. ‘ಪೂರ’ ಎಂದು ಮುಗಿದರೆ ‘ಪುರ’ ಮಾಡು ಎನ್ನಬಹುದು. ‘ಸೋಲಾಪೂರ’ವನ್ನು ಸೊಲ್ಲಾಪುರ ಮಾಡಲು ಯಾವ ಸೂತ್ರವೂ ಸಾಲದು, ಬೇರೊಂದು ಹಾಳೆಯಲ್ಲಿ ಅಪವಾದಗಳ ಪಟ್ಟಿಯಿಟ್ಟು ಮ್ಯಾಕ್ರೋ ಮೊದಲು ಅದನ್ನು ನೋಡುವಂತೆ ಮಾಡಬೇಕು. ಮನುಷ್ಯರ ಹೆಸರುಗಳು ಇಷ್ಟು ಸುಲಭವಲ್ಲ. ಈ ಸೀಮೆಯಲ್ಲಿ ಬಾಳಗೊಂಡ, ಭೀಮಗೊಂಡ, ಬಸಗೊಂಡ ಎಂಬ ಹೆಸರುಗಳಿವೆ. ಮಲ್ಲವ್ವ, ಬಸವ್ವ, ಕಲ್ಲಪ್ಪ ಇವೆ. ಇವೆಲ್ಲ ಕನ್ನಡದವೇ. ದೇವನಾಗರಿಗೆ ಹೋದಾಗ ಕೊನೆಗೊಂದು ದೀರ್ಘ ಅಂಟುತ್ತದೆ. ಮರಾಠಿಯ ಬರಹದಲ್ಲಿ ಹ್ರಸ್ವ ಒಕಾರಕ್ಕೆ ಬೇರೆ ಚಿಹ್ನೆಯಿಲ್ಲದ್ದರಿಂದ ನಡುವೆಯೂ ಒಂದು ದೀರ್ಘ ಸೇರುತ್ತದೆ. ಯಂತ್ರದಿಂದ ಮರಳುವುದು ‘ಬಾಳಗೋಂಡಾ’, ‘ಮಲ್ಲವ್ವಾ’. ತನ್ನ ಮನೆಗೇ ಬಂದ ಹೆಸರು ನೆಂಟನಂತೆ ಬಾಗಿಲಲ್ಲಿ ನಿಲ್ಲುತ್ತದೆ. ಅಪ್ಪ, ಅವ್ವ, ಗೊಂಡ ಎಂದು ಮುಗಿಯುವ ಹೆಸರುಗಳನ್ನು ಗುರುತಿಸಿ ಸರಿಪಡಿಸುವ ಮೂರು ಸಾಲುಗಳನ್ನು ಯಾವ ಕಂಪನಿಯೂ ತನ್ನ ತಂತ್ರಾಂಶದಲ್ಲಿ ಬರೆದು ಕಳಿಸುತ್ತದೆಂದು ಕಾಯುವಂತಿಲ್ಲ. ಅವು ಈ ಊರುಗಳ ಹಾಜರಿ ಪಟ ಓದಿದವರಿಗೇ ಹೊಳೆಯಬೇಕಾದ ಸಾಲುಗಳು.

ಮರಾಠಿಯ ಒಂದೇ ಓಕಾರವು ಕನ್ನಡದಲ್ಲಿ ಎಲ್ಲಿ ಹ್ರಸ್ವ, ಎಲ್ಲಿ ದೀರ್ಘ ಎಂದು ಹೇಳಲು ಸಾಮಾನ್ಯ ನಿಯಮ ಸಿಗುವುದಿಲ್ಲ. ಕೊಲ್ಹಾಪುರದ ಮೊದಲ ಅಕ್ಷರ ಹ್ರಸ್ವ, ಕೋರೆ ಎಂಬ ಅಡ್ಡಹೆಸರಿನ ಮೊದಲ ಅಕ್ಷರ ದೀರ್ಘ. ಇಂಥಲ್ಲಿ ಮ್ಯಾಕ್ರೋ ತೀರ್ಮಾನ ಮಾಡಬಾರದು. ಸಂದೇಹದ ಸೆಲ್ಲಿಗೆ ಹಳದಿ ಬಣ್ಣ ಬಳಿದು ಮುಂದೆ ಸಾಗಬೇಕು. ಒಳ್ಳೆಯ ಮ್ಯಾಕ್ರೋವನ್ನು ಅದು ಎಷ್ಟು ಹೆಸರುಗಳನ್ನು ಬದಲಿಸಿತೆಂಬುದರಿಂದ ಅಳೆಯುವುದಕ್ಕಿಂತ ಎಲ್ಲಿ ಕೈ ತಡೆಯಿತೆಂಬುದರಿಂದ ಅಳೆಯುವುದು ಉಚಿತ. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳೇ ಮ್ಯಾಕ್ರೋ ಬರೆದುಕೊಡುತ್ತವೆಯಲ್ಲ, ಕಲಿಯುವುದೇಕೆ ಎಂಬ ಆಕ್ಷೇಪವೂ ಕೇಳಿಬರುತ್ತದೆ. ಬರೆಸಿಕೊಳ್ಳಲಿ, ತಪ್ಪೇನಿಲ್ಲ. ಆದರೆ ‘ಶ್ರೀ’ಯನ್ನು ಬಿಡು, ‘ಅವ್ವ’ವನ್ನು ಹಿಡಿ, ಓಕಾರಕ್ಕೆ ಹಳದಿ ಬಳಿ ಎಂದು ಅದಕ್ಕೂ ಯಾರಾದರೂ ಹೇಳಲೇಬೇಕು.

ಹೆಸರಪಟ್ಟಿಯಾಚೆಗೂ ಈ ವಿದ್ಯೆಗೆ ಕೆಲಸವಿದೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸಿದ ಪ್ರೊ. ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಕಲೆಹಾಕಿ 1939ರಲ್ಲಿ ಪ್ರಕಟಿಸಿದರು. ಅಂಥ ಸಂಪುಟವೊಂದರ ಶಾಸನಪಾಠಗಳನ್ನು ಇಂದಿನ ವಿದ್ಯಾರ್ಥಿ ಸಾಲು ಸಾಲಾಗಿ ಸ್ಪ್ರೆಡ್‌ಶೀಟಿಗೆ ತುಂಬಿದರೆ, ಪದಗಳನ್ನು ಬಿಡಿಸಿ, ಪುನರುಕ್ತಿ ತೆಗೆದು, ಪ್ರತಿ ಪದದ ಮುಂದೆ ಶಾಸನದ ಸಂಖ್ಯೆ ಬರೆಯುವಷ್ಟನ್ನು ಮ್ಯಾಕ್ರೋ ಮಾಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ಚೀಟಿಗಳ ಮೇಲೆ ಪದ ಬರೆದು ಅಕಾರಾದಿಯಾಗಿ ಜೋಡಿಸಿದವರ ಶ್ರಮವನ್ನು ನೆನೆದರೆ ಇದು ಎಷ್ಟು ದೊಡ್ಡ ಸೌಲಭ್ಯವೆಂದು ತಿಳಿದೀತು. ಅಲ್ಲಿಯೂ ಅಕ್ಷರಕ್ರಮ ಮೋಸ ಮಾಡುತ್ತದೆ. ಮ್ಯಾಕ್ರೋ ಬರಿಯ ಸಂಕೇತ ಸಂಖ್ಯೆಗಳನ್ನು ಹೋಲಿಸಿ ಪದ ಜೋಡಿಸಿದರೆ ‘ಳ’ಕಾರವು ‘ಲ’ಕಾರದ ಮಗ್ಗುಲಲ್ಲಿ, ವಕಾರಕ್ಕೂ ಮೊದಲೇ ಕೂರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ. ಹಳಗನ್ನಡದ ‘ೞ’ವಂತೂ ಸಾಲಿನಿಂದ ಹೊರಗೆ, ಸ್ವರಚಿಹ್ನೆಗಳನ್ನೂ ದಾಟಿ ದೂರ ಕುಳಿತಿದೆ. ಕ್ರಮವನ್ನು ಮ್ಯಾಕ್ರೋಗೆ ಬೇರೆಯಾಗಿ ಕಲಿಸಬೇಕು.

ಕಲಿಸುವಾಗ ಒಂದು ಅವಮಾನವನ್ನೂ ಸಹಿಸಬೇಕಾಗುತ್ತದೆ. ಎಕ್ಸೆಲ್‌ನ ಸೆಲ್ಲುಗಳಲ್ಲಿ ಕನ್ನಡ ಸುಖವಾಗಿರುತ್ತದೆ, ಆದರೆ ವಿಬಿಎ ಬರೆಯುವ ಕಿಟಕಿಯಲ್ಲಿ ಕನ್ನಡ ಅಕ್ಷರ ಹಾಕಿದರೆ ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣುತ್ತವೆ. ಮೂವತ್ತು ವರ್ಷ ದಾಟಿದ ಆ ಕಿಟಕಿ ಕನ್ನಡವನ್ನು ಅರಿಯದು. ಅಲ್ಲಿ ‘ಕ’ ಎನ್ನಬೇಕಾದರೆ 3221 ಎನ್ನಬೇಕು, ಇಲ್ಲವೆ ಬೇಕಾದ ಅಕ್ಷರಗಳನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟು ಅಲ್ಲಿಂದ ಓದಿಸಬೇಕು. ಎರಡನೆಯದೇ ಮೇಲು, ಮುಂದೆ ತಿದ್ದುವವರಿಗೆ ಸಂಖ್ಯೆಗಿಂತ ಅಕ್ಷರ ತಿಳಿಯುತ್ತದೆ.

ಮ್ಯಾಕ್ರೋ ಓಡಿದ ಮೇಲೆ ‘ಅನ್‌ಡೂ’ ನಡೆಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಮೂಲ ಕಾಲಂ ಮೇಲೆಯೇ ಬರೆಸಿದರೆ ಮುನ್ನೂರು ಮಕ್ಕಳ ಹೆಸರು ಕೆಟ್ಟಾಗ ಹಿಂದಿರುಗುವ ದಾರಿಯಿರುವುದಿಲ್ಲ. ಮೊದಲು ಫೈಲಿನ ಪ್ರತಿ ಮಾಡಿಟ್ಟುಕೊಳ್ಳಬೇಕು, ಫಲಿತಾಂಶವನ್ನು ಪಕ್ಕದ ಕಾಲಂನಲ್ಲಿಯೇ ಬರೆಸಬೇಕು. ಅಪರಿಚಿತರು ಕಳಿಸಿದ ಮ್ಯಾಕ್ರೋ ಫೈಲನ್ನು ತೆರೆಯಬಾರದು. 1999ರ ಮೆಲಿಸಾ ವೈರಸ್ ಹರಡಿದ್ದು ವರ್ಡ್ ಫೈಲಿನೊಳಗಿನ ಮ್ಯಾಕ್ರೋ ಮೂಲಕವೇ.

ಇಷ್ಟೆಲ್ಲ ಆದ ಮೇಲೂ ಪಟ್ಟಿಯಲ್ಲಿ ಒಂದಷ್ಟು ಹಳದಿ ಸೆಲ್ಲುಗಳು ಉಳಿಯುತ್ತವೆ. ಸುಜಾತಾ ಎಂಬ ಹುಡುಗಿ ಕನ್ನಡದಲ್ಲಿ ‘ಸುಜಾತಾ’ ಎಂದು ಬರೆದುಕೊಳ್ಳುತ್ತಾಳೋ ‘ಸುಜಾತ’ ಎಂದೋ ಎಂಬುದನ್ನು ವ್ಯಾಕರಣವೂ ಹೇಳದು, ಯಂತ್ರವೂ ಹೇಳದು. ಅವಳ ಮನೆಗೆ ಫೋನ್ ಮಾಡಿ ಕೇಳಬೇಕು, ಕೇಳಿದ್ದನ್ನು ಅಪವಾದಗಳ ಹಾಳೆಯಲ್ಲಿ ಬರೆದಿಡಬೇಕು.