15 ಮತಗಳ ತೀರ್ಪು

ಬೇಸ್‌ಬಾಲ್ ಆಟಕ್ಕೂ ಕನ್ನಡ ಮೇಷ್ಟ್ರಿಗೂ ಏನು ಸಂಬಂಧವೆಂದು ನನ್ನ ಶಿಷ್ಯರು ನಗಬಹುದು. ನಗಲಿ. ಮೌಲ್ಯಮಾಪನದ ಅನ್ಯಾಯ ಯಾವ ದೇಶದ್ದಾದರೂ, ಉತ್ತರಪತ್ರಿಕೆ ತಿದ್ದಿ ಕಣ್ಣು ಸವೆಸಿಕೊಂಡವನಿಗೆ ಅದು ಸಂಬಂಧಪಟ್ಟ ವಿಷಯವೇ.

ಲೂ ವಿಟೇಕರ್ ಅವರು ಡೆಟ್ರಾಯಿಟ್ ಟೈಗರ್ಸ್ ತಂಡದ ಸೆಕೆಂಡ್ ಬೇಸ್‌ಮನ್ ಆಗಿದ್ದವರು. 1977ರ ಸೆಪ್ಟೆಂಬರ್ 9ರಂದು ಬಾಸ್ಟನ್ ನಗರದಲ್ಲಿ ಅವರು ಮೊದಲ ಪಂದ್ಯವಾಡಿದರು. ಅದೇ ಪಂದ್ಯದಲ್ಲಿ ಶಾರ್ಟ್‌ಸ್ಟಾಪ್ ಆಗಿ ಪದಾರ್ಪಣೆ ಮಾಡಿದವರು ಅಲನ್ ಟ್ರ್ಯಾಮಲ್. ಆಮೇಲೆ ಈ ಜೋಡಿ 1,918 ಪಂದ್ಯಗಳನ್ನು ಒಟ್ಟಿಗೆ ಆಡಿತು. 1984ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ‘ಡಬಲ್ ಪ್ಲೇ’ ಎಂಬುದನ್ನು ಸ್ವಲ್ಪ ವಿವರಿಸಬೇಕು. ಮೊದಲ ಬೇಸ್‌ನಲ್ಲಿ ಎದುರಾಳಿಯ ಓಟಗಾರನಿದ್ದಾನೆ. ಹೊಡೆದ ಚೆಂಡು ನೆಲ ಸವರಿಕೊಂಡು ಶಾರ್ಟ್‌ಸ್ಟಾಪ್ ಬಳಿಗೆ ಬರುತ್ತದೆ. ಆತ ಅದನ್ನೆತ್ತಿ ಎರಡನೆಯ ಬೇಸ್‌ಗೆ ಎಸೆಯುತ್ತಾನೆ. ಅಲ್ಲಿ ಸೆಕೆಂಡ್ ಬೇಸ್‌ಮನ್ ಚೆಂಡು ಹಿಡಿದು, ಬೇಸ್ ಮೆಟ್ಟಿ, ಮೈ ತಿರುಗಿಸಿ ಮೊದಲ ಬೇಸ್‌ಗೆ ಎಸೆಯಬೇಕು. ಅಷ್ಟರಲ್ಲಿ ಆ ಓಟಗಾರ ಇವನ ಕಾಲಬುಡಕ್ಕೇ ಜಾರಿಕೊಂಡು ಬರುತ್ತಿರುತ್ತಾನೆ. ಅರೆಗಳಿಗೆಯಲ್ಲಿ ಇಬ್ಬರು ಔಟ್. ಇದು ಇಬ್ಬರು ಸೇರಿ ಮಾಡುವ ಕೆಲಸ. ಒಬ್ಬನಿಗೆ ಅಂಕ ಕೊಟ್ಟು ಇನ್ನೊಬ್ಬನಿಗೆ ಸೊನ್ನೆ ಹಾಕಲಾಗದು.

ಆದರೆ ಹಾಕಿದರು! ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಆಟಗಾರರನ್ನು ಮೊದಲು ಆರಿಸುವವರು ಪತ್ರಕರ್ತರು. ಅಲ್ಲಿ ಪ್ರವೇಶಕ್ಕೆ ಶೇ. 75 ಮತ ಬೇಕು, ಶೇ. 5 ದೊರೆಯದಿದ್ದರೆ ಹೆಸರು ಪಟ್ಟಿಯಿಂದಲೇ ಹೊರಕ್ಕೆ. 2001ರಲ್ಲಿ ವಿಟೇಕರ್ ಅವರಿಗೆ ಬಿದ್ದದ್ದು 15 ಮತಗಳು, ಶೇ. 2.9. ಟ್ರ್ಯಾಮಲ್ ಅವರ ಹೆಸರು ಮಾತ್ರ 15 ವರ್ಷ ಪಟ್ಟಿಯಲ್ಲಿತ್ತು. ಪತ್ರಕರ್ತರು ಅವರನ್ನೂ ಆರಿಸಲಿಲ್ಲ. ಬಳಿಕ ಬೇರೊಂದು ಸಮಿತಿ ಆರಿಸಿ, 2018ರಲ್ಲಿ ಅವರು ಒಳಹೊಕ್ಕರು. ಸಂತೋಷವೇ. ಆದರೆ ಅಂಕಪಟ್ಟಿ ನೋಡಿ: ಟ್ರ್ಯಾಮಲ್ ಅವರ ಹಿಟ್‌ಗಳು 2,365, ವಿಟೇಕರ್ ಅವರವು 2,369. ಹೋಮ್ ರನ್‌ಗಳು ಕ್ರಮವಾಗಿ 185 ಮತ್ತು 244.

ಟ್ರ್ಯಾಮಲ್ ಅವರ ಬ್ಯಾಟಿಂಗ್ ಸರಾಸರಿ ಹೆಚ್ಚು, ಶಾರ್ಟ್‌ಸ್ಟಾಪ್ ಸ್ಥಾನವೂ ಹೆಚ್ಚು ಕಠಿಣ ಎಂದು ವಾದಿಸುವವರಿದ್ದಾರೆ. ಒಪ್ಪಿದೆ. ಆ ವ್ಯತ್ಯಾಸಕ್ಕೆ ನಾಲ್ಕು ಅಂಕ ಕಳೆಯಿರಿ. ಉತ್ತರಪತ್ರಿಕೆಯನ್ನೇ ಕಿಟಕಿಯಿಂದಾಚೆ ಎಸೆಯುವುದೇ? ಮತದಾರ ಹತ್ತು ಹೆಸರುಗಳಿಗಿಂತ ಹೆಚ್ಚು ಬರೆಯುವಂತಿಲ್ಲ. ಹನ್ನೊಂದನೆಯವನೆಂದು ಬಿಟ್ಟದ್ದೂ, ಅನರ್ಹನೆಂದು ಬಿಟ್ಟದ್ದೂ ಎಣಿಕೆಯಲ್ಲಿ ಒಂದೇ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ ಹುಡುಗನಿಗೂ ಮರುಪರೀಕ್ಷೆಯುಂಟು. ಇಲ್ಲಿ ಮೊದಲ ವರ್ಷ ಶೇ. 5 ಮುಟ್ಟದವನು ಆ ಮತದಾರರ ಮುಂದೆ ಮತ್ತೆ ನಿಲ್ಲುವಂತಿಲ್ಲ.

ಸಮಿತಿಯ ದಾರಿಯೊಂದಿದೆಯಲ್ಲ ಎನ್ನುವಿರಾ? 2019ರ ಡಿಸೆಂಬರ್‌ನಲ್ಲಿ ಆ ದಾರಿಯೂ ತೆರೆಯಿತು. 16 ಸದಸ್ಯರಲ್ಲಿ 12 ಮಂದಿ ಒಪ್ಪಬೇಕಿತ್ತು; ಒಪ್ಪಿದವರು ಆರೇ ಜನ. ಅದಕ್ಕೂ ಮುನ್ನ, 2018ರ ತಮ್ಮ ಸ್ವೀಕಾರ ಭಾಷಣದಲ್ಲಿ ಟ್ರ್ಯಾಮಲ್ ಅವರು ಗೆಳೆಯನನ್ನು ಹೆಸರಿಟ್ಟು ಕರೆದು, ನೀನೂ ಒಂದು ದಿನ ಇಲ್ಲಿ ನಿಲ್ಲುವೆಯೆಂದು ಹಾರೈಸಿದ್ದರು. ಜೊತೆಗೆ ಆಡಿದವನ ಸಾಕ್ಷ್ಯಕ್ಕಿಂತ ಮಿಗಿಲಾದ ಯಾವ ಪ್ರಮಾಣಪತ್ರ ಆ ಹತ್ತು ಮಂದಿಗೆ ಬೇಕಿತ್ತೋ!

2022ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ತಂಡ ವಿಟೇಕರ್ ಅವರ 1ನೇ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಗೌರವಿಸಿತು.