‘ವೋಲ್ಟೇಜ್ ಇಲ್ಲ’ ಅಂದರೆ ಸಾಲದು, ಎಷ್ಟಿಲ್ಲ ಅಂತ ಬರೆದು ಕೊಡೋಣ

ಬಾಳೂರು ಕಡೆಯ ಮನೆಗಳಲ್ಲಿ ಸಂಜೆಯಾದರೆ ಕೇಳುವ ಮಾತು: ‘ಕರೆಂಟ್ ಇದೆ ಮಾರಾಯ್ರೆ, ವೋಲ್ಟೇಜ್ ಇಲ್ಲ.’ ಮಿಕ್ಸಿ ಮುಲುಗುತ್ತದೆ, ಫ್ರಿಜ್‌ನ ಸ್ಟೆಬಿಲೈಸರ್ ಟಕ್ ಟಕ್ ಅನ್ನುತ್ತದೆ, ಗೀಸರ್ ನಂಬಿದವರು ಕೊನೆಗೆ ಹಂಡೆ ಒಲೆಗೇ ಸೌದೆ ಹಾಕುತ್ತಾರೆ. ದೂರು ಕೊಟ್ಟರೆ ‘ನೋಡ್ತೀವಿ’ ಎಂಬ ಉತ್ತರ. ‘ಇಲ್ಲ’ ಎಂಬ ದೂರಿಗೆ ‘ನೋಡ್ತೀವಿ’ ಎಂದು ಜಾರಿಕೊಳ್ಳಬಹುದು. ಲೆಕ್ಕ ಬರೆದು ಕೊಟ್ಟ ದೂರಿನಿಂದ ಹಾಗೆ ಜಾರಿಕೊಳ್ಳುವುದು ಕಷ್ಟ ಎಂಬುದು ನಮ್ಮ ಅಭಿಪ್ರಾಯ.

ಈ ಲೆಕ್ಕ ಹೊಸದೇನಲ್ಲ. ನಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿ ಓದುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಅಂದರೆ ಓಮ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. ಇಷ್ಟೇ.

ಮನೆಯ ಗೀಸರ್ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದು ಬರೆದಿದೆ ಎಂದುಕೊಳ್ಳಿ. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. 230ನ್ನು 8.7ರಿಂದ ಭಾಗಿಸಿದರೆ 26.4 ಓಮ್. ಇದು ಆ ಗೀಸರ್‌ನ ರೋಧ. ವೋಲ್ಟೇಜ್ ಇಳಿದರೂ ಇದು ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಈಗ ಪರೀಕ್ಷೆ. ಗೀಸರ್ ಹಾಕುವ ಮೊದಲು 220 ವೋಲ್ಟ್ ಇತ್ತು, ಹಾಕಿದ ಕೂಡಲೇ 185ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. 185ನ್ನು 26.4ರಿಂದ ಭಾಗಿಸಿದರೆ 7 ಆಂಪಿಯರ್. 185ನ್ನು 7ರಿಂದ ಗುಣಿಸಿದರೆ 1295 ವ್ಯಾಟ್. ಅಂದರೆ 2000 ವ್ಯಾಟ್‌ನ ಗೀಸರ್ ಮೂರರಲ್ಲಿ ಎರಡು ಪಾಲು ಕೆಲಸವನ್ನೂ ಮಾಡುತ್ತಿಲ್ಲ. 20 ನಿಮಿಷದಲ್ಲಿ ಕಾಯಬೇಕಾದ ನೀರಿಗೆ ಅರ್ಧ ಗಂಟೆ ಬೇಕು.

ಕಳೆದುಹೋದ 35 ವೋಲ್ಟ್ ಎಲ್ಲಿ ಹೋಯಿತು? ದಾರಿಯ ತಂತಿಯಲ್ಲಿ. 35ನ್ನು 7ರಿಂದ ಭಾಗಿಸಿದರೆ 5 ಓಮ್. ನಿಮ್ಮ ಮನೆಗೆ ಬರುವ ದಾರಿಯ ರೋಧ ಇದು. 35ನ್ನು 7ರಿಂದ ಗುಣಿಸಿದರೆ 245 ವ್ಯಾಟ್. ಅಷ್ಟು ವಿದ್ಯುತ್ ಯಾರ ಉಪಯೋಗಕ್ಕೂ ಬಾರದೆ ತಂತಿ ಮತ್ತು ಜಾಯಿಂಟ್‌ಗಳನ್ನು ಬಿಸಿ ಮಾಡುತ್ತಿದೆ.

ಮಲೆನಾಡಿನಲ್ಲಿ ಇದು ಹೆಚ್ಚು ಕಾಡಲು ಕಾರಣವಿದೆ. ಗುಡ್ಡಕ್ಕೊಂದು ಮನೆ, ತೋಟದಾಚೆ ಲೈನ್ ಮನೆ. ಟ್ರಾನ್ಸ್‌ಫಾರ್ಮರ್‌ನಿಂದ ಹತ್ತಾರು ಕಂಬ ದಾಟಿ ತಂತಿ ಬರಬೇಕು. ಮಳೆಗಾಲದಲ್ಲಿ ಮರ ಬಿದ್ದು ತುಂಡಾದಾಗಲೆಲ್ಲ ಒಂದು ಹೊಸ ಜಾಯಿಂಟ್. ತಂತಿ ಉದ್ದವಾದಷ್ಟೂ, ಸಣ್ಣದಾದಷ್ಟೂ, ಜಾಯಿಂಟ್ ಸಡಿಲವಾದಷ್ಟೂ ರೋಧ ಜಾಸ್ತಿ.

ಪರಿಹಾರವನ್ನು ನಮ್ಮ ರಾಜ್ಯ ನೂರು ವರ್ಷಕ್ಕೂ ಹಿಂದೆಯೇ ಕಂಡಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ವಿದ್ಯುತ್ ಹೋಯಿತು, ಅದೂ ಸಾವಿರಾರು ವೋಲ್ಟ್‌ಗೆ ಏರಿಸಿ. ವೋಲ್ಟೇಜ್ ಏರಿಸಿದರೆ ಅಷ್ಟೇ ವ್ಯಾಟ್ ಸಾಗಿಸಲು ಕಡಿಮೆ ಆಂಪಿಯರ್ ಸಾಕು. ಆಂಪಿಯರ್ ಅರ್ಧವಾದರೆ ತಂತಿಯ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ ಊರಿಗೂ ಇದೇ ಬೇಕು. 11 ಸಾವಿರ ವೋಲ್ಟ್‌ನ ಲೈನ್ ಮನೆಗಳ ಹತ್ತಿರದವರೆಗೆ ಬಂದು, ಅಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಬೇಕು. ಅದನ್ನು ಲೈನ್‌ಮ್ಯಾನ್ ಕೂರಿಸಲಾರ. ಮಳೆಯಲ್ಲಿ ಕಂಬ ಹತ್ತುವ ಅವರ ಮೇಲೆ ಕೂಗಾಡುವುದು ಅನ್ಯಾಯ. ತೀರ್ಮಾನ ಮಾಡುವವರು ಎಂಜಿನಿಯರ್‌ಗಳು, ಅವರಿಗೆ ಮುಟ್ಟುವ ಭಾಷೆ ಅಂಕಿ.

ಹಾಗಾಗಿ ನಮ್ಮ ಸಲಹೆ ಇದು. ಪ್ಲಗ್‌ಗೆ ಸಿಕ್ಕಿಸಿದರೆ ವೋಲ್ಟ್ ತೋರಿಸುವ ಸಣ್ಣ ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ನಾಲ್ಕು ಮನೆಗೆ ಒಂದು ಸಾಕು. ಮೀಟರ್ ಬೋರ್ಡ್‌ಗೆ ಹತ್ತಿರದ ಪ್ಲಗ್‌ನಲ್ಲಿ ಹಾಕಿ. ಗೀಸರ್ ಹಾಕುವ ಮೊದಲು ಎಷ್ಟು, ಹಾಕಿದ ಮೇಲೆ ಎಷ್ಟು, ಗಂಟೆ ಎಷ್ಟು ಎಂದು ಒಂದು ವಾರ ಬರೆಯಿರಿ. ಬರಿಯ ತಂತಿಯನ್ನು ಪ್ಲಗ್‌ಗೆ ತೂರಿಸಬೇಡಿ, ಕಂಬದ ಹತ್ತಿರ ಹೋಗಬೇಡಿ.

ಹಾಕುವ ಮೊದಲೇ ವೋಲ್ಟೇಜ್ ಕಡಿಮೆಯಿದ್ದರೆ ಲೈನ್ ಅಥವಾ ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಹೆಚ್ಚಾಗಿರಬಹುದು. ನೀವು ಹಾಕಿದಾಗ ಪಕ್ಕದ ಮನೆಯಲ್ಲೂ ಇಳಿದರೆ ಇಬ್ಬರಿಗೂ ಸೇರಿದ ಲೈನ್‌ನಲ್ಲಿ ತೊಂದರೆ. ನಿಮ್ಮಲ್ಲಿ ಮಾತ್ರ ಇಳಿದರೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಅಥವಾ ಮನೆಯ ವೈರಿಂಗ್ ನೋಡಿಸಿ. ಮೀಟರ್ ದಾಟಿದ ಮೇಲಿನ ನಷ್ಟ ನಿಮ್ಮ ಬಿಲ್ಲಿಗೇ ಬರುತ್ತದೆ.

ಪಂಪ್‌ಸೆಟ್‌ಗೆ ಈ ಲೆಕ್ಕ ಹಾಕಬೇಡಿ. ಮೋಟಾರ್ ಗೀಸರ್‌ನಂತಲ್ಲ, ವೋಲ್ಟೇಜ್ ಇಳಿದರೆ ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗಿ ಸುಡುತ್ತದೆ. ಕಾಫಿ ಹೂವಿಗೆ ನೀರು ಹಾಯಿಸುವ ಫೆಬ್ರವರಿ, ಮಾರ್ಚ್‌ನಲ್ಲಿ ರಿವೈಂಡಿಂಗ್‌ಗೆ ಎಷ್ಟು ಖರ್ಚಾಗುತ್ತದೆ ಎಂದು ಬೆಳೆಗಾರರಿಗೆ ಹೇಳಬೇಕಿಲ್ಲ. ವೋಲ್ಟ್ ಬರೆದಿಡುವುದು ಅವರಿಗೆ ಇನ್ನೂ ಮುಖ್ಯ.

1956ರ ಭಾರತೀಯ ವಿದ್ಯುತ್ ನಿಯಮಗಳೇ ಮನೆಯ ವೋಲ್ಟೇಜ್ ಶೇ 6ಕ್ಕಿಂತ ಹೆಚ್ಚು ಏರುಪೇರಾಗಬಾರದು ಎಂದಿದ್ದವು. 230ಕ್ಕೆ ಲೆಕ್ಕ ಹಾಕಿದರೆ 216ಕ್ಕಿಂತ ಕೆಳಗೆ ಹೋಗಬಾರದು. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಪಡೆಯಿರಿ. ವಾರದ ಪಟ್ಟಿಯನ್ನು ನಾಲ್ಕಾರು ಮನೆಯವರು ಸೇರಿ ಸಹಿ ಹಾಕಿ ಸೆಕ್ಷನ್ ಆಫೀಸಿಗೆ ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಲೆಕ್ಕ ಮಾಡಲು ಮನೆಯಲ್ಲಿರುವ ಹತ್ತನೇ ತರಗತಿಯ ಹುಡುಗಿಗೋ ಹುಡುಗನಿಗೋ ಹೇಳಿ. ಪರೀಕ್ಷೆಗೂ ಆಯಿತು, ಊರಿಗೂ ಆಯಿತು.