ಕಡ್ಡಿಯಲ್ಲ, ಪತಂಗ!

ಕಲಬುರಗಿ ಕಡೆಯ ಹುಡುಗನೊಬ್ಬ ಬೆಂಕಿಪೊಟ್ಟಣ ತೆರೆದು, "ಇದು ಯಾವ ಹುಳ ರೀ ಸರ್? ನಮ್ಮ ತೊಗರಿ ಹೊಲದಾಗ ಸಿಕ್ತು" ಎಂದ. "ದೊಡ್ಡ ಸೊಳ್ಳೆ" ಎಂದುಬಿಟ್ಟೆ. ತಪ್ಪು, ಮಕ್ಕಳೇ! ಸೊಳ್ಳೆಗೆ ಎರಡೇ ರೆಕ್ಕೆ; ಇದಕ್ಕೆ ನಾಲ್ಕು. ರಾತ್ರಿ ಭೂತಗನ್ನಡಿ ಹಿಡಿದರೆ, ಮುಂದಿನ ರೆಕ್ಕೆ ಎರಡಾಗಿ, ಹಿಂದಿನದು ಮೂರಾಗಿ ಸೀಳಿದೆ. ಅಂಚಿಗೆಲ್ಲ ಹಕ್ಕಿಗರಿಯಂಥ ಕುಚ್ಚು. ಕುಳಿತಾಗ ರೆಕ್ಕೆಗಳನ್ನು ಸುತ್ತಿ ಅಡ್ಡಕ್ಕೆ ಚಾಚುತ್ತದೆ, ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ. ಕಂದು ಬಣ್ಣ ಬೇರೆ. ಒಣಹುಲ್ಲಿನ ಕಡ್ಡಿಯೆಂದೇ ಹಕ್ಕಿಯೂ ಮೋಸಹೋದೀತು, ನಾನೂ!

ಇದು ತೊಗರಿಯ ಗರಿಪತಂಗ, ಎಕ್ಸೆಲಾಸ್ಟಿಸ್ ಅಟೊಮೋಸಾ. ಮರಿಹುಳು ಕಾಯಿ ಕೊರೆದು ಕಾಳು ತಿನ್ನುತ್ತದೆ. ಕೋಶಕ್ಕೂ ರೋಮವಿದ್ದು ಹುಳುವಿನಂತೆಯೇ ಕಾಣುತ್ತದೆ.

ಮರುದಿನ ತರಗತಿಯಲ್ಲೇ ತಪ್ಪೊಪ್ಪಿಕೊಂಡೆ. ಸಂಜೆ ಅಪ್ಪ, ಮಗ ಹೊಲದಲ್ಲಿ ಕಾಯಿಗಳನ್ನು ತಿರುವಿ ನೋಡಿದರಂತೆ. ತೂತುಗಳಿದ್ದವು.